‘ಬೆಳೆಯೋ ಕಾಲು’ ಅಂತ ದೊಡ್ಡ ಶೂ ತರಬೇಡಿ

ಮೇ ಕೊನೆಯ ವಾರ ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪ ಎಲ್ಲಿಯ ಚಪ್ಪಲಿ ಅಂಗಡಿಗೆ ಹೋದರೂ ಒಂದೇ ನೋಟ. ಮಗುವನ್ನು ಸ್ಟೂಲ್ ಮೇಲೆ ಕೂರಿಸಿ ಕಾಲಿಗೆ ಶೂ ತುರುಕುತ್ತಾರೆ. ಅಪ್ಪ ಹೆಬ್ಬೆರಳಿನಿಂದ ಶೂ ತುದಿ ಒತ್ತಿ ನೋಡುತ್ತಾರೆ. ‘ಟೈಟ್ ಆಗ್ತಿದ್ಯಾ?’ ಅಂತ ಅಮ್ಮ ಕೇಳುತ್ತಾರೆ. ಮಗುವಿನ ಕಣ್ಣೆಲ್ಲ ಪಕ್ಕದ ಲೈಟ್ ಮಿನುಗುವ ಶೂ ಮೇಲೆ. ‘ಇಲ್ಲ’ ಅನ್ನುತ್ತದೆ. ಕೊನೆಗೆ ಅಜ್ಜಿಯ ತೀರ್ಪು: ‘ಬೆಳೆಯೋ ಕಾಲು, ಎರಡು ನಂಬರ್ ದೊಡ್ಡದೇ ಕೊಡಿ.’ ಬಿಲ್ ಆಗುತ್ತದೆ. ಜೂನ್‌ನಲ್ಲಿ ಸ್ಕೂಲೂ ಮಳೆಯೂ ಒಟ್ಟಿಗೆ ಶುರು, ಜೊತೆಗೆ ಮಗು ಎಡವುವುದೂ ಶುರು.

ಇದರಲ್ಲಿ ಒಂದೊಂದೂ ತಪ್ಪೇ. ಕೂತಾಗ ಪಾದ ಚಿಕ್ಕದಾಗಿರುತ್ತದೆ, ನಿಂತರೆ ಭಾರ ಬಿದ್ದು ಉದ್ದಕ್ಕೂ ಅಗಲಕ್ಕೂ ಹರಡುತ್ತದೆ. ತುದಿ ಒತ್ತಿದ ಕೂಡಲೇ ಮಗು ಬೆರಳು ಮಡಚಿಕೊಳ್ಳುತ್ತದೆ, ಅಪ್ಪನಿಗೆ ಒಳಗೆ ಜಾಗ ಇದೆ ಅನ್ನಿಸುತ್ತದೆ. ಇನ್ನು ಮಗುವಿನ ಮಾತು. ಸಣ್ಣ ಮಕ್ಕಳ ಪಾದದಲ್ಲಿ ಮೂಳೆ ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ, ಮೇಲಿಂದ ಕೊಬ್ಬಿನ ಪದರ ಬೇರೆ. ಇಕ್ಕಟ್ಟಾದ ಶೂ ಒಳಗೂ ಅದು ಸುಮ್ನೆ ಹೊಂದಿಕೊಂಡುಬಿಡುತ್ತದೆ. ನೋಯುತ್ತಿದೆ ಅಂತ ಮಗುವಿಗೇ ಗೊತ್ತಾಗದಿರಬಹುದು. ಹಾಗಾಗಿ ಮಗುವನ್ನು ಕೇಳಿ ತೀರ್ಮಾನ ಮಾಡಬೇಡಿ. ಹೆಬ್ಬೆರಳನ್ನೂ ನಂಬಬೇಡಿ. ಅಳೆಯಿರಿ.

ಒಂದು: ಮನೆಯಲ್ಲೇ, ಸಂಜೆ ಹೊತ್ತು ಅಳೆಯಿರಿ

ಎಲ್ಲರೂ ಎಡವಟ್ಟು ಮಾಡುವುದು ಇಲ್ಲೇ. ಸ್ವಲ್ಪ ನಿಧಾನವಾಗಿ ಓದಿ.

ದಿನವೆಲ್ಲ ಓಡಾಡಿದ ಮೇಲೆ ಕಾಲು ಕೊಂಚ ಊದಿರುತ್ತದೆ. ಆದ್ದರಿಂದ ಸಂಜೆಯೇ ಅಳೆಯಬೇಕು. ಶೂ ಜೊತೆ ಹಾಕುವ ಸಾಕ್ಸನ್ನೇ ಹಾಕಿಸಿ. ಸಾಕ್ಸ್ ಬೆರಳ ತುದಿಯಲ್ಲಿ ಬಿಗಿದುಕೊಂಡಿದ್ದರೆ ಮೊದಲು ಎಳೆದು ಸಡಿಲ ಮಾಡಿ. ಟೈಟ್ ಸಾಕ್ಸ್ ಕೂಡ ಟೈಟ್ ಶೂನಷ್ಟೇ ಕೆಟ್ಟದ್ದು, ಇದನ್ನು ಯಾರೂ ನೋಡುವುದೇ ಇಲ್ಲ.

ಗಟ್ಟಿ ನೆಲದ ಮೇಲೆ, ಗೋಡೆಗೆ ತಾಗುವಂತೆ ಒಂದು ಬಿಳಿ ಹಾಳೆ ಇಡಿ. ಜಾರದಂತೆ ಟೇಪ್ ಅಂಟಿಸಿ. ಕಾರ್ಪೆಟ್, ಹಾಸಿಗೆ ಬೇಡ. ಮಗು ಹಾಳೆಯ ಮೇಲೆ ನಿಲ್ಲಲಿ, ಹಿಮ್ಮಡಿ ಗೋಡೆಗೆ ತಾಗಿರಲಿ. ಭಾರ ಎರಡೂ ಕಾಲಿನ ಮೇಲೆ ಸಮ ಇರಬೇಕು. ಬಗ್ಗಿ ತನ್ನ ಕಾಲನ್ನೇ ನೋಡಿಕೊಳ್ಳಲು ಬಿಡಬೇಡಿ. ಬಗ್ಗಿದರೆ ಹಿಮ್ಮಡಿ ಏಳುತ್ತದೆ, ಬೆರಳು ಮಡಚುತ್ತದೆ. ಎದುರಿಗೆ ಇನ್ನೊಬ್ಬರು ನಿಂತು ಕಿಟಕಿಯಾಚೆ ಏನಾದರೂ ತೋರಿಸಲಿ. ತೋಟಕ್ಕೆ ಮಂಗ ಬಂದಿದೆ ಅಂದರೆ ಸಾಕು, ಕತ್ತು ತಾನಾಗಿ ಮೇಲೇಳುತ್ತದೆ. ಬೆರಳು ಮಡಚಿದೆ ಅನಿಸಿದರೆ ಮೊಣಕಾಲಿನ ಕೆಳಗೆ, ಹಿಂದಿನ ಮಾಂಸಖಂಡವನ್ನು ಮೆಲ್ಲಗೆ ಉಜ್ಜಿ, ಬೆರಳು ಬಿಟ್ಟುಕೊಳ್ಳುತ್ತದೆ.

ಈಗ ಗುರುತು. ಪೆನ್ನು ಹಿಡಿದು ಪಾದದ ಸುತ್ತ ಗೆರೆ ಎಳೆಯುವುದೇ ವಾಡಿಕೆ. ನನಗೆ ಆ ಪದ್ಧತಿ ಇಷ್ಟ ಇಲ್ಲ. ಪೆನ್ನು ಒಳಕ್ಕೆ ವಾಲಿದರೆ ಅಳತೆ ಕಡಿಮೆ, ಹೊರಕ್ಕೆ ವಾಲಿದರೆ ಜಾಸ್ತಿ. ಅದರ ಬದಲು ದಪ್ಪ ರಟ್ಟಿನ ಪುಸ್ತಕವೊಂದನ್ನು ನೆಟ್ಟಗೆ ನಿಲ್ಲಿಸಿ, ಮುಂದಿನಿಂದ ಬೆರಳಿಗೆ ತಾಗುವವರೆಗೆ ಮೆಲ್ಲಗೆ ತಳ್ಳಿ. ತಾಗಿದ ಜಾಗದಲ್ಲಿ ಪುಸ್ತಕದ ಬುಡಕ್ಕೆ ಗೆರೆ ಹಾಕಿ. ಹೆಬ್ಬೆರಳೇ ಉದ್ದ ಅಂದುಕೊಳ್ಳಬೇಡಿ, ಎಷ್ಟೋ ಮಕ್ಕಳಿಗೆ ಅದರ ಪಕ್ಕದ ಬೆರಳು ಉದ್ದ. ಪುಸ್ತಕಕ್ಕೆ ಯಾವುದು ಮೊದಲು ತಾಗುತ್ತದೋ ಅದೇ ಲೆಕ್ಕ.

ಎರಡೂ ಕಾಲು ಅಳೆಯಿರಿ. ಒಂದು ಸ್ವಲ್ಪ ದೊಡ್ಡದಿರುವುದು ಸಾಮಾನ್ಯ. ದೊಡ್ಡ ಕಾಲಿನ ಅಳತೆ ಹಿಡಿಯಿರಿ.

ಮಗುವನ್ನು ಬಿಟ್ಟು ಮೈಸೂರಿಗೆ ಹೋಗುವವರು ದಾರದಲ್ಲಿ ಅಳತೆ ಒಯ್ಯುತ್ತಾರೆ. ದಾರ ಎಳೆದರೆ ಉದ್ದ, ಬಿಟ್ಟರೆ ಗಿಡ್ಡ. ಅದು ಅಳತೆಯೇ ಅಲ್ಲ.

ಎರಡು: ರಟ್ಟಿನ ಪಟ್ಟಿ

ಅಳತೆಗೆ 12 ಮಿ.ಮೀ. ಸೇರಿಸಿ. ಪಾದ 16.8 ಸೆಂ.ಮೀ. ಇದ್ದರೆ 18 ಸೆಂ.ಮೀ. ಬೇಕು. ಹೆಜ್ಜೆ ಹಾಕುವಾಗ ಪಾದ ಮುಂದಕ್ಕೆ ಸರಿಯುತ್ತದೆ, ಅದಕ್ಕೂ ಕೆಲವು ತಿಂಗಳ ಬೆಳವಣಿಗೆಗೂ ಈ ಜಾಗ. ಅಷ್ಟು ಉದ್ದಕ್ಕೆ, ಒಂದೆರಡು ಸೆಂ.ಮೀ. ಅಗಲಕ್ಕೆ ಗಟ್ಟಿ ರಟ್ಟು ಕತ್ತರಿಸಿ. ಮದುವೆ ಕಾಗದದ ರಟ್ಟು ಸರಿಹೋಗುತ್ತದೆ. ಇದು ಜೇಬಿನಲ್ಲಿರಲಿ.

ಮೂರು: ಡಬ್ಬಿಯ ಮೇಲಿನ ನಂಬರ್ ನೆಚ್ಚಿಕೊಳ್ಳಬೇಡಿ

ನಮ್ಮಲ್ಲಿ ಹೆಚ್ಚಾಗಿ ನಡೆಯುವುದು ಯು.ಕೆ. ನಂಬರ್. ಮಕ್ಕಳ ನಂಬರ್ 13ರವರೆಗೆ ಹೋಗಿ, ಮತ್ತೆ 1ರಿಂದ ಶುರುವಾಗುತ್ತದೆ. ಒಂದು ನಂಬರಿಗೂ ಇನ್ನೊಂದಕ್ಕೂ ಸುಮಾರು 8.5 ಮಿ.ಮೀ. ವ್ಯತ್ಯಾಸ. ಯುರೋಪಿನ ನಂಬರ್ ಆದರೆ ಸುಮಾರು 6.7 ಮಿ.ಮೀ. ಒಂದೇ ನಂಬರ್ ಹಾಕಿದ ಎರಡು ಕಂಪನಿಯ ಶೂ ಒಳಗಡೆ ಬೇರೆ ಬೇರೆ ಉದ್ದ ಇರುವುದು ದಿನನಿತ್ಯದ ಮಾತು.

ಈಗ ಅಜ್ಜಿಯ ಎರಡು ನಂಬರ್ ಲೆಕ್ಕ ಹಾಕಿ. ಸರಿಯಾದ ಶೂನಲ್ಲಿ 12 ಮಿ.ಮೀ. ಜಾಗ ಇದ್ದೇ ಇದೆ. ಅದರ ಮೇಲೆ ಇನ್ನೂ 17. ಮೂರರಿಂದ ಆರು ವರ್ಷದ ಮಗುವಿನ ಪಾದ ವರ್ಷಕ್ಕೆ ಹೆಚ್ಚುಕಮ್ಮಿ ಒಂದು ಸೆಂ.ಮೀ. ಬೆಳೆಯುತ್ತದೆ. ಅಂದರೆ ಆ ಶೂ ಸರಿಹೊಂದಲು ಒಂದೂವರೆ ವರ್ಷದ ಮೇಲೆ ಬೇಕು. ನಮ್ಮ ಒಂದು ಮಳೆಗಾಲ ಕಂಡ ಶೂ ಅಷ್ಟು ದಿನ ಬಾಳುತ್ತದಾ? ಸೋಲ್ ಬಾಯಿ ಬಿಟ್ಟಿರುತ್ತದೆ. ದುಡ್ಡು ಉಳಿಯಲಿಲ್ಲ, ಮಗು ಅಷ್ಟೂ ದಿನ ಕಾಲೆಳೆದುಕೊಂಡು ನಡೆಯಿತು. ತುದಿಗೆ ಹತ್ತಿ ತುರುಕುವುದೂ ಬೇಡ. ಒದ್ದೆಯಾದರೆ ಹತ್ತಿ ಗಂಟು ಕಟ್ಟಿ ಬೆರಳನ್ನು ಒತ್ತುತ್ತದೆ.

ನಾಲ್ಕು: ಅಂಗಡಿಯಲ್ಲಿ

ಶೂ ಒಳಗಿನ ಹಾಸು ಹೊರಗೆ ಬರುತ್ತದಾ ನೋಡಿ. ಬಂದರೆ ಅದೃಷ್ಟ. ಅದರ ಮೇಲೆ ಮಗುವನ್ನು ನಿಲ್ಲಿಸಿ, ಹಿಮ್ಮಡಿ ಸರಿಯಾದ ಜಾಗದಲ್ಲಿರಲಿ. ಮುಂದೆ ಎಷ್ಟು ಉಳಿಯಿತು, ಪಕ್ಕದಲ್ಲಿ ಪಾದ ಹೊರಗೆ ಚಾಚಿದೆಯಾ, ಎಲ್ಲ ಕಣ್ಣಿಗೇ ಕಾಣುತ್ತದೆ. ಆದರೆ ಸ್ಕೂಲಿನ ಕಪ್ಪು ಶೂಗಳಲ್ಲಿ ಬಹಳಷ್ಟರ ಹಾಸು ಅಂಟಿಸಿಯೇ ಇರುತ್ತದೆ. ಆಗ ರಟ್ಟಿನ ಪಟ್ಟಿ ತೆಗೆಯಿರಿ. ಒಳಗೆ ತಳ್ಳಿದಾಗ ಪಟ್ಟಿ ಬಾಗಿದರೆ ಶೂ ಗಿಡ್ಡ. ಮಲಗಿದ ಪಟ್ಟಿ ಹಿಂದೆ ಮುಂದೆ ಧಾರಾಳವಾಗಿ ಓಡಾಡಿದರೆ ದೊಡ್ಡದು.

ಅಗಲದ ಮಾತು ಬೇರೆಯೇ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021ರ ಡಿಸೆಂಬರ್‌ನಿಂದ 2022ರ ಮಾರ್ಚ್‌ವರೆಗೆ ದೇಶದ 79 ಕಡೆಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದ ಅಳೆಯಿತು. ಯುರೋಪ್, ಅಮೆರಿಕದವರಿಗಿಂತ ನಮ್ಮವರ ಪಾದ ಅಗಲ ಅಂತ ಅದರಿಂದ ತಿಳಿಯಿತು. ‘ಭಾ’ ಎಂಬ ನಮ್ಮದೇ ಸೈಜ್ ಪದ್ಧತಿಯ ಪ್ರಸ್ತಾಪ ಬಂದದ್ದು ಆ ಅಳತೆಯ ಮೇಲೆಯೇ. ನಾವು ಉದ್ದದ ಶೂ ಕೊಳ್ಳಲು ಇದೂ ಒಂದು ಕಾರಣ. ಅಗಲ ಸಾಲುವುದಿಲ್ಲ, ‘ಟೈಟ್ ಇದೆ’ ಅಂತ ಒಂದು ನಂಬರ್ ಮೇಲೆ ಹೋಗುತ್ತೇವೆ. ಅಗಲ ಸರಿಯಾಯಿತು, ಉದ್ದ ಕೆಟ್ಟಿತು. ಅಂಥ ಹೊತ್ತಲ್ಲಿ ನಂಬರ್ ಬದಲಿಸಬೇಡಿ, ಮುಂಭಾಗ ಅಗಲ ಇರುವ ಬೇರೆ ಮಾಡೆಲ್ ಕೇಳಿ. ಚೂಪು ಮೂತಿಯ ಶೂ ಯಾವ ಮಗುವಿಗೂ ಬೇಡ.

ಆಮೇಲೆ ಶೂ ಕೈಲಿ ಹಿಡಿದು ಬಗ್ಗಿಸಿ. ಬೆರಳು ಮಡಚುವ ಜಾಗದಲ್ಲಿ ಬಾಗಬೇಕು. ನಟ್ಟನಡುವೆ ಮಡಚಿಕೊಂಡರೆ ವಾಪಸ್ ಇಡಿ. ಹಿಮ್ಮಡಿ ಹಿಡಿಯುವ ಭಾಗ ಒತ್ತಿದರೆ ಅಪ್ಪಚ್ಚಿ ಆಗಬಾರದು. ಸಣ್ಣ ಮಕ್ಕಳಿಗೆ ವೆಲ್ಕ್ರೋ ಅಥವಾ ಬಕಲ್, ಲೇಸ್ ಕಟ್ಟಲು ಬಂದ ಮೇಲೆ ಲೇಸ್. ಕಾಲು ತೂರಿಸಿ ಹಾಕುವ ಶೂ ನಾನು ಯಾರಿಗೂ ಹೇಳುವುದಿಲ್ಲ. ಅದು ಕಾಲಲ್ಲಿ ನಿಲ್ಲಬೇಕಾದರೆ ಬಿಗಿಯಾಗಿಯೇ ಇರಬೇಕು. ನಡೆದರೆ ಪೀಂ ಪೀಂ ಅನ್ನುವ ಶೂ ಹಿಮ್ಮಡಿಯಲ್ಲಿ ಸೀಟಿ ಇಟ್ಟುಕೊಂಡಿರುತ್ತದೆ. ಈಗಷ್ಟೇ ನಡೆಯಲು ಕಲಿತ ಮಗು ಆ ಸದ್ದಿಗಾಗಿ ಹಿಮ್ಮಡಿ ಕುಟ್ಟಿ ನಡೆಯುತ್ತದೆ. ಲೈಟ್ ಶೂ ಅಷ್ಟು ಕೆಟ್ಟದ್ದಲ್ಲ, ಆದರೆ ನಮ್ಮ ಮಳೆಗೆ ಲೈಟ್ ಬೇಗ ಸಾಯುತ್ತದೆ. ಆಮೇಲೆ ಅಳು ನಿಮ್ಮ ಪಾಲಿಗೆ.

‘ಪಾದ ಚಪ್ಪಟೆ ಇದೆ, ಆರ್ಚ್ ಹಾಸು ಹಾಕಿಸಿ’ ಅಂತ ಅಂಗಡಿಯವರು ಹೇಳಿದರೆ ನಕ್ಕು ಸುಮ್ಮನಾಗಿ. ಸಣ್ಣ ಮಕ್ಕಳ ಪಾದ ಚಪ್ಪಟೆಯಾಗಿ ಕಾಣುವುದು ಸಹಜ. ನೋವು ಇದ್ದರೆ, ಕುಂಟಿದರೆ ಡಾಕ್ಟರಿಗೆ ತೋರಿಸಿ, ಅಂಗಡಿಗಲ್ಲ.

ಐದು: ಇಳಿಜಾರಿನಲ್ಲಿ ನಡೆಸಿ

ಇದು ನಮ್ಮ ಜಿಲ್ಲೆಗೆ ಬೇಕೇ ಬೇಕಾದ ಪರೀಕ್ಷೆ. ಅಂಗಡಿಯ ಟೈಲ್ಸ್ ಮೇಲೆ ಎಲ್ಲ ಶೂವೂ ಸರಿ ಕಾಣುತ್ತದೆ. ಆದರೆ ಮಡಿಕೇರಿಯಲ್ಲಿ ಸಮತಟ್ಟು ರಸ್ತೆ ಹುಡುಕಿದರೂ ಸಿಗಲ್ಲ, ಅಲ್ವಾ? ಇಳಿಯುವಾಗ ಪಾದ ಮುಂದಕ್ಕೆ ಜಾರಿ ಬೆರಳು ಶೂ ತುದಿಗೆ ಗುದ್ದುತ್ತದೆ. ಅಂಗಡಿಯಲ್ಲಿ ಮೆಟ್ಟಿಲಿದ್ದರೆ ಹತ್ತಿಸಿ ಇಳಿಸಿ. ಇಲ್ಲದಿದ್ದರೆ ಒಂದು ಹಲಗೆ ವಾರೆ ಇಡಲು ಹೇಳಿ. ಇಳಿಯುವಾಗ ಶೂ ಮೇಲಿನ ಪಟ್ಟಿಯೋ ಲೇಸೋ ಪಾದವನ್ನು ಹಿಂದಕ್ಕೆ ಹಿಡಿದಿರಬೇಕು, ಹತ್ತುವಾಗ ಹಿಮ್ಮಡಿ ಶೂನಿಂದ ಹೊರಗೆ ಬರಬಾರದು. ಕುಶಾಲನಗರದ ಕಡೆಯವರು ಈ ಹೆಜ್ಜೆ ಬಿಟ್ಟರೂ ನಡೆದೀತು.

ಮನೆಗೆ ತಂದ ಮೇಲೆ ಒಳಗಡೆಯೇ ಅರ್ಧ ಗಂಟೆ ಹಾಕಿಸಿ. ಬಿಚ್ಚಿ ಸಾಕ್ಸ್ ತೆಗೆದಾಗ ಬೆರಳ ಗಂಟಿನ ಮೇಲೋ ಹಿಮ್ಮಡಿಯಲ್ಲೋ ಕೆಂಪು ಗುರುತು ಇದ್ದರೆ ಬದಲಾಯಿಸಿ. ಸೋಲಿಗೆ ಕೆಸರು ತಾಗಿದ ಮೇಲೆ ಯಾವ ಅಂಗಡಿಯೂ ವಾಪಸ್ ತೆಗೆದುಕೊಳ್ಳಲ್ಲ. ಬಿಲ್ ಇಟ್ಟುಕೊಳ್ಳಿ.

ಸರ್ಕಾರಿ ಶಾಲೆಯ ಉಚಿತ ಶೂ ಸಾಕ್ಸ್ ಬರುವ ಮಕ್ಕಳ ಪೋಷಕರು ಅಳತೆ ಕೊಡುವ ದಿನ ನಂಬರ್ ಹೇಳಬೇಡಿ. ಸೆಂ.ಮೀ. ಬರೆದ ಚೀಟಿ ಕೊಡಿ. ಹೋದ ವರ್ಷದ ನಂಬರ್ ಈ ವರ್ಷಕ್ಕೆ ಆಗುವುದಿಲ್ಲ.

ಆರು: ಗಂಬೂಟು

ಶೂನಲ್ಲಿ ಎಚ್ಚರ ವಹಿಸುವವರೂ ಗಂಬೂಟಿನಲ್ಲಿ ಯಾಮಾರುತ್ತಾರೆ. ಗಂಬೂಟಿಗೆ ಪಟ್ಟಿಯಿಲ್ಲ, ಲೇಸಿಲ್ಲ. ಪಾದವನ್ನು ಹಿಡಿದುಕೊಳ್ಳುವಂಥದ್ದು ಏನೂ ಇಲ್ಲ. ಹಾಗಾಗಿ ದೊಡ್ಡದು ತಂದರೆ ಶೂಗಿಂತ ಅಪಾಯ. ಕಾಫಿ ತೋಟದ ಜಾರು ದಾರಿಯಲ್ಲಿ ಬೂಟು ಕೆಸರಿನಲ್ಲಿ ಹೂತು ಕಾಲು ಮಾತ್ರ ಮೇಲೆ ಬರುತ್ತದೆ. ದಪ್ಪ ಸಾಕ್ಸ್ ಹಾಕಿಸಿಯೇ ಅಳೆಯಿರಿ. ತೋಟದ ಕೆಲಸಕ್ಕೆ ಬರುವ ಬೂಟಿನ ಅತಿ ಚಿಕ್ಕ ಸೈಜನ್ನು ಮಗುವಿಗೆ ಹಾಕಬೇಡಿ. ಅದರ ಕೊಳವೆ ಮೊಣಕಾಲಿಗೆ ಬಡಿಯುತ್ತದೆ, ಮಗುವಿಗೆ ಕೂರಲೂ ಆಗಲ್ಲ.

ಜಿಗಣೆಗೆ ಉದ್ದ ಸಾಕ್ಸ್, ಅದರೊಳಗೆ ಪ್ಯಾಂಟ್ ಸಿಕ್ಕಿಸುವುದು, ಮೇಲೆ ಉಪ್ಪು. ಇಷ್ಟು ಸಾಕು. ದೊಡ್ಡವರ ಹಾಗೆ ಮಕ್ಕಳ ಸಾಕ್ಸಿಗೆ ಹೊಗೆಸೊಪ್ಪಿನ ನೀರು ಹಚ್ಚಬೇಡಿ. ಒದ್ದೆ ಚರ್ಮದ ಮೂಲಕ ನಿಕೋಟಿನ್ ಮೈಗೆ ಇಳಿಯುತ್ತದೆ. ಬೆಳಿಗ್ಗೆ ಹಾಕುವ ಮುಂಚೆ ಬೂಟು ಬೋರಲು ಹಾಕಿ ಕೊಡವಿ, ಚೇಳು ಒಳಗೆ ಬೆಚ್ಚಗೆ ಕೂತಿರಬಹುದು.

ಒಣಗಿಸುವುದರಿಂದಲೂ ಅಳತೆ ಕೆಡುತ್ತದೆ. ಜುಲೈನಲ್ಲಿ ಬಿಸಿಲಿಲ್ಲ ಅಂತ ಬಚ್ಚಲ ಒಲೆಯ ಪಕ್ಕ ಇಟ್ಟರೆ ಚರ್ಮ ಕುಗ್ಗುತ್ತದೆ, ಅಂಟು ಬಿಡುತ್ತದೆ. ಮೊನ್ನೆ ಸರಿಯಿದ್ದ ಶೂ ಇವತ್ತು ಕಚ್ಚುತ್ತದೆ. ಹಾಸು ಹೊರಗೆ ತೆಗೆದು, ಒಳಗೆ ಪೇಪರ್ ಉಂಡೆ ಮಾಡಿ ತುಂಬಿ, ಒದ್ದೆಯಾದಂತೆ ಬದಲಿಸಿ. ಈ ಪುರವಣಿಯೂ ಆಗುತ್ತದೆ. ಒಂದು ದುಬಾರಿ ಜೊತೆಗಿಂತ ಎರಡು ಸಾಧಾರಣ ಜೊತೆ ಇಟ್ಟುಕೊಂಡು ದಿನ ಬಿಟ್ಟು ದಿನ ಹಾಕಿಸುವುದೇ ನನ್ನ ಪ್ರಕಾರ ಮಳೆಗಾಲಕ್ಕೆ ಸರಿ.

ಮತ್ತೆ ಯಾವಾಗ?

ಮೂರು ತಿಂಗಳಿಗೊಮ್ಮೆ, ಮೂರು ವರ್ಷದೊಳಗಿನವರಿಗೆ ಇನ್ನೂ ಬೇಗ. ನೆನಪಿಡುವುದು ಸುಲಭ: ಸ್ಕೂಲ್ ಶುರುವಿಗೆ ಒಂದು ಸಲ, ಸೆಪ್ಟೆಂಬರ್‌ನ ಕೈಲ್ ಮುಹೂರ್ತಕ್ಕೆ ಒಂದು ಸಲ, ಹುತ್ತರಿಗೆ ಒಂದು ಸಲ, ಕಾಫಿ ಹೂ ಬಿಡುವ ಹೊತ್ತಿಗೆ ಇನ್ನೊಂದು ಸಲ. ಈ ನಡುವೆ ಮಗು ವ್ಯಾನ್ ಹತ್ತಿದ ಕೂಡಲೇ ಶೂ ಬಿಚ್ಚುತ್ತದೆ ಅಂತ ಗೊತ್ತಾದರೆ ಅಂದೇ ಸಂಜೆ ಅಳೆಯಿರಿ.

ಚಿಕ್ಕದಾದ ಗಂಬೂಟನ್ನು ತಮ್ಮನಿಗೋ ತಂಗಿಗೋ ಇಡಿ, ತೊಂದರೆಯಿಲ್ಲ. ಸ್ಕೂಲ್ ಶೂ ಮಾತ್ರ ಮೊದಲ ಮಗುವಿನ ಪಾದದ ಆಕಾರಕ್ಕೆ ಬಂದುಬಿಟ್ಟಿರುತ್ತದೆ. ಹಿಮ್ಮಡಿ ಒಂದು ಪಕ್ಕಕ್ಕೆ ಸವೆದಿದ್ದರಂತೂ ಯಾರಿಗೂ ಕೊಡಬೇಡಿ.