ಜೀಪಿನ ಹುಡ್ಡು: ಕೈಯಾರೆ ಮಾಡಿದ್ದೆಷ್ಟು, ಅಂಗಡಿಗೆ ಕೊಟ್ಟಿದ್ದೆಷ್ಟು

ಕಲಬುರಗಿ ಕಡೆ ಜೀಪಿನ ಹುಡ್ಡು, ಅಂದರೆ ಮೇಲೆ ಹೊದಿಸುವ ಬಟ್ಟೆಯ ಛಾವಣಿ, ಸೋರಲು ಶುರುವಾಗುವುದು ಮಳೆಗಾಲದಲ್ಲಾದರೂ ಅದು ಹಾಳಾಗಿರುವುದು ಬ್ಯಾಸಗಿಯಲ್ಲೇ. ಮೇ ತಿಂಗಳಲ್ಲಿ 42–43 ಡಿಗ್ರಿ ಬಿಸಿಲು ನಮಗೆ ಹೊಸದಲ್ಲ. ಆ ಬಿಸಿಲಿಗೆ ಮೊದಲು ಸಾಯುವುದು ಹೊಲಿಗೆಯ ದಾರ, ಆಮೇಲೆ ಹಿಂದಿನ ಕಿಟಕಿಯ ಪ್ಲಾಸ್ಟಿಕ್, ಕೊನೆಗೆ ಬಟ್ಟೆ. ಬಟ್ಟೆ ಗಟ್ಟಿ ಇದೆಯೆಂದು ನಂಬಿಕೊಂಡು ಕೂತರೆ ಜೂನಿನ ಮೊದಲ ಮಳೆಯಲ್ಲಿ ಹೊಲಿಗೆಯ ಸಾಲು ಸಾಲೇ ಬಿಚ್ಚಿಕೊಳ್ಳುತ್ತದೆ.

ನನ್ನದು ಮಹೀಂದ್ರದ ಹಳೆಯ ಸಿಜೆ-3ಬಿ, ಪೆಟ್ರೋಲ್ ಗಾಡಿ. ಅಮೆರಿಕದ ವಿಲ್ಲೀಸ್ ಕಂಪನಿ ಈ ಮಾದರಿಯನ್ನು ತಂದದ್ದು 1953ರಲ್ಲಿ. ಅದರ ಎಂಜಿನ್ ಎತ್ತರ, ಅದಕ್ಕೇ ಬಾನೆಟ್ಟೂ ಎತ್ತರ. ಅಲ್ಲಿ 1968ಕ್ಕೆ ನಿಂತುಹೋದ ಈ ಗಾಡಿ ನಮ್ಮಲ್ಲಿ ಮಹೀಂದ್ರದ ಕೈಯಲ್ಲಿ ಬಹುಕಾಲ ಬಾಳಿತು. ಸರ್ಕಾರಿ ಇಲಾಖೆಗಳಲ್ಲಿ, ತೊಗರಿ ಬೆಳೆಯುವವರ ಮನೆ ಮುಂದೆ ಒಂದು ಕಾಲದಲ್ಲಿ ಇವೇ ನಿಂತಿರುತ್ತಿದ್ದವು. ನನ್ನ ಗಾಡಿಗೆ ಮೊದಲಿದ್ದ ಹುಡ್ಡನ್ನು ಅಂಗಡಿಯೊಂದರಲ್ಲಿ ಹಾಕಿಸಿದ್ದೆ. ನೋಡಲು ಚಲೋ ಇತ್ತು, ಆದರೆ ಎಡಗಡೆ ಬಿಗಿ, ಬಲಗಡೆ ಸಡಿಲ. ವೇಗ ಹೆಚ್ಚಿದಂತೆ ಸಡಿಲ ಬದಿ ಪಟಪಟ ಬಡಿದುಕೊಳ್ಳುತ್ತಿತ್ತು. ಹಾಗೆ ಬಡಿದುಕೊಂಡೇ ಅದರ ಹೊಲಿಗೆ ಕಿತ್ತುಬಂತು.

ಹೊಸದನ್ನು ಮಾಡುವ ಮುಂಚೆ ಆ ಹಳೆಯದನ್ನು ತೆಗೆದಿಟ್ಟು ಬರೀ ಫ್ರೇಮನ್ನು, ಅಂದರೆ ಹುಡ್ಡನ್ನು ಹೊರುವ ಕಬ್ಬಿಣದ ಪೈಪುಗಳ ಚೌಕಟ್ಟನ್ನು, ಅಳೆದೆ. ವಿಂಡ್‌ಶೀಲ್ಡಿನ ಮೇಲಂಚಿನ ಎಡ ಮೂಲೆಯಿಂದ ಹಿಂದಿನ ಪೈಪಿನ ಬಲ ಮೂಲೆಗೆ ಒಂದು ದಾರ, ಬಲ ಮೂಲೆಯಿಂದ ಎಡ ಮೂಲೆಗೆ ಇನ್ನೊಂದು. ಫ್ರೇಮ್ ಚೌಕವಾಗಿದ್ದರೆ ಎರಡು ದಾರಗಳೂ ಒಂದೇ ಅಳತೆ ಬರಬೇಕು. ಬರಲಿಲ್ಲ. ಹಿಂದಿನ ಪೈಪು ಒಂದು ಕಡೆ ಬಾಗಿತ್ತು, ಅದನ್ನು ಗಾಡಿಯ ಮೈಗೆ ಹಿಡಿದಿದ್ದ ಬ್ರಾಕೆಟ್ಟಿನ ತೂತು ಸವೆದು ಅಂಡಾಕಾರವಾಗಿತ್ತು. ಎಡ ಬಿಗಿ, ಬಲ ಸಡಿಲ ಆಗಿದ್ದರ ಕಾರಣ ಅಲ್ಲಿತ್ತು. ಬಟ್ಟೆಯಲ್ಲಿ ದೋಷವೇ ಇರಲಿಲ್ಲ.

ಹುಡ್ಡು ಸರಿಯಾಗಿ ಕೂಡುವುದು ಫ್ರೇಮಿನ ಮೇಲೆ ನಿಂತಿದೆ, ನಾನು ಮುಖ್ಯವಾಗಿ ಹೇಳಬೇಕಾದದ್ದು ಇಷ್ಟೇ. ಅಂಗಡಿಯವರು ಹುಡ್ಡಿನ ಲೆಕ್ಕದಲ್ಲಿ ದುಡ್ಡು ತೆಗೆದುಕೊಳ್ಳುತ್ತಾರೆ. ಗಾಡಿ ಬೆಳಗ್ಗೆ ಬಂದರೆ ಸಂಜೆಗೆ ಹೋಗಬೇಕು. ಪೈಪು ಬಿಚ್ಚಿ, ಸೀದಾ ಮಾಡಿ, ಬ್ರಾಕೆಟ್ಟಿನ ಸವೆದ ತೂತಿಗೆ ಬುಶ್ ಅನ್ನುವ ಬಳೆ ಹಾಕಿಸಿ, ಮತ್ತೆ ಅಳೆಯುವ ಪುರುಸೊತ್ತು ಅವರಿಗೆ ಇರುವುದಿಲ್ಲ, ಅದಕ್ಕೆ ಯಾರೂ ಕೂಲಿ ಕೊಡುವುದೂ ಇಲ್ಲ. ಹಾಗಾಗಿ ಅವರು ಬಟ್ಟೆಯನ್ನೇ ಎಳೆದು ಸೊಟ್ಟಕ್ಕೆ ಹೊಂದಿಸುತ್ತಾರೆ. ಗಾಡಿ ಮಾಲೀಕನಿಗೆ ಮಾತ್ರ ಆ ಪುರುಸೊತ್ತು ಇರುತ್ತದೆ.

ಪೈಪನ್ನು ಲೇತ್ ಅಂಗಡಿಗೆ ಕೊಟ್ಟು ಸೀದಾ ಮಾಡಿಸಿದೆ, ಸವೆದ ತೂತಿಗೆ ಬುಶ್ ಹಾಕಿಸಿದೆ. ಉಳಿದದ್ದು ಮನೆಯಲ್ಲೇ. ತಂತಿ ಬ್ರಶ್ಶಿನಿಂದ ತುಕ್ಕು ಉಜ್ಜಿ, ರೆಡ್ ಆಕ್ಸೈಡ್ ಹಚ್ಚಿ, ಮೇಲೆ ಕಪ್ಪು ಎನಾಮಲ್. ಬಣ್ಣ ಪೂರ್ತಿ ಒಣಗಿದ ಮೇಲೆ ಬಟ್ಟೆ ತಾಗುವ ಜಾಗಕ್ಕೆಲ್ಲ ನವಾರು ಪಟ್ಟಿ ಸುತ್ತಿದೆ. ಬರಿ ಕಬ್ಬಿಣದ ಮೇಲೆ ಬಟ್ಟೆ ಉಜ್ಜಿಕೊಂಡರೆ ಎರೆ ಮಣ್ಣಿನ ಧೂಳು ಒಳಗೆ ಸಿಕ್ಕಿಕೊಂಡು ಮರಳು ಕಾಗದದ ಕೆಲಸ ಮಾಡುತ್ತದೆ. ಪೈಪಿನ ಗೆರೆಯಲ್ಲೇ ಹುಡ್ಡು ಸೀಳುವುದನ್ನು ನೀವೂ ನೋಡಿರುತ್ತೀರಿ.

ಬಟ್ಟೆಯ ವಿಷಯಕ್ಕೆ ಬರೋಣ. ಪೇಟೆಯಲ್ಲಿ ಸುಲಭವಾಗಿ ಸಿಗುವುದು ಪಿವಿಸಿ ಲೇಪನದ ಪಾಲಿಯೆಸ್ಟರ್, ಅಂದರೆ ಲಾರಿ ತಾಡಪತ್ರಿಯ ಜಾತಿ. ನೀರು ಸ್ವಲ್ಪವೂ ಒಳಗೆ ಬಿಡುವುದಿಲ್ಲ, ಒದ್ದೆಯಾದರೆ ಕುಗ್ಗುವುದಿಲ್ಲ. ಆದರೆ ಪಿವಿಸಿಯನ್ನು ಮೆತ್ತಗಿಡುವ ಪದಾರ್ಥ ಬಿಸಿಲಿಗೆ ನಿಧಾನವಾಗಿ ಹೊರಟುಹೋಗುತ್ತದೆ, ಆಗ ಅದು ಬಿರುಸಾಗಿ ಮಡಿಕೆಗಳಲ್ಲಿ ಸೀಳುತ್ತದೆ. ಇನ್ನೊಂದು ಸ್ವಭಾವವೂ ಇದೆ. ಬಿಸಿಗೆ ಅದು ಹಿಗ್ಗುತ್ತದೆ, ಚಳಿಗೆ ಬಿಗಿಯುತ್ತದೆ. ತಣ್ಣನೆಯ ದೇಶಗಳಲ್ಲಿ ವಿನೈಲ್ (ಪಿವಿಸಿ) ಹುಡ್ಡನ್ನು ಬೆಚ್ಚಗಿರುವಾಗ ಹಾಕಿ ಅನ್ನುತ್ತಾರೆ. ನಮ್ಮ ಕಡೆ ಆ ಮಾತನ್ನು ತಿರುವಿ ಹಾಕಬೇಕು. ಮಧ್ಯಾಹ್ನದ ಬಿಸಿಲಲ್ಲಿ ಮೆತ್ತಗಾದ ಬಟ್ಟೆಯನ್ನು ಎಳೆದು ಟಿಚ್ ಬಟನ್ ಹೊಡೆದರೆ ಡಿಸೆಂಬರ್ ಬೆಳಗಿನಲ್ಲಿ ಒಂದು ಬಟನ್ನೂ ಮುಟ್ಟುವುದಿಲ್ಲ. ಮುಂಜಾನೆ ಎಂಟರೊಳಗೆ ಅಥವಾ ನೆರಳಲ್ಲಿ ಮಾಡಬೇಕು.

ನಾನು ಆರಿಸಿಕೊಂಡದ್ದು ಹತ್ತಿಯ ಕ್ಯಾನ್ವಾಸ್, ನೀರು ತಡೆಯಲು ಮೇಣ ಹಚ್ಚಿದ್ದು. ಸಿಕಂದರಾಬಾದಿನ ರಾಣಿಗಂಜಿನಿಂದ ತಂದೆ. ಗಾಡಿಯ ಕಾಲಕ್ಕೆ ಒಪ್ಪುವ ಬಟ್ಟೆ ಅದೇ, ಒಳಗೆ ಕೂತವರಿಗೆ ಉಸಿರಾಡಲೂ ಅದೇ ಹಿತ. ಪಿವಿಸಿ ಕೆಳಗೆ ಏಪ್ರಿಲ್‌ನಲ್ಲಿ ಸೇಡಂವರೆಗೆ ಹೋಗಿ ಬಂದವರಿಗೆ ನಾನು ಹೇಳುವುದು ಅರ್ಥವಾಗುತ್ತದೆ. ಹತ್ತಿಗೆ ತನ್ನದೇ ಗುಣವಿದೆ: ಒದ್ದೆಯಾದಾಗ ನೂಲು ಉಬ್ಬಿ ಎಳೆಗಳ ನಡುವಿನ ಸಂದು ತಾನೇ ಮುಚ್ಚಿಕೊಳ್ಳುತ್ತದೆ. ಆದರೆ ಕುಗ್ಗುತ್ತದೆ, ಹಸಿಯಾಗಿ ಮಡಿಸಿಟ್ಟರೆ ಬೂಜು ಹಿಡಿಯುತ್ತದೆ. ಆದ್ದರಿಂದ ಕತ್ತರಿಸುವ ಮುಂಚೆ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ತುಂಡನ್ನು ಬಕೆಟ್ಟಿನಲ್ಲಿ ನೆನೆಸಿ, ಒಣಗಿಸಿ, ಮತ್ತೆ ಅಳೆದು, ಎಷ್ಟು ಕುಗ್ಗಿತೋ ಅಷ್ಟನ್ನು ಎಲ್ಲ ಅಳತೆಗೂ ಸೇರಿಸಿಕೊಂಡೆ. ಉದ್ದಕ್ಕೂ ಅಡ್ಡಕ್ಕೂ ಕುಗ್ಗುವ ಪ್ರಮಾಣ ಬೇರೆ ಬೇರೆ ಇರುತ್ತದೆ, ಎರಡನ್ನೂ ಬರೆದಿಟ್ಟುಕೊಳ್ಳಿ.

ಮಾದರಿ ಕತ್ತರಿಸುವಾಗ ಹಳೆಯ ಹುಡ್ಡನ್ನು ಹೊಲಿಗೆ ಹೊಲಿಗೆಯಾಗಿ ಬಿಚ್ಚಿ ಇಟ್ಟುಕೊಂಡೆ. ಅದರಿಂದ ತುಂಡುಗಳ ಆಕಾರ, ಜೋಡಣೆಯ ಕ್ರಮ ತಿಳಿಯುತ್ತದೆ. ಅಳತೆಯನ್ನು ಮಾತ್ರ ಅದರಿಂದ ತೆಗೆದುಕೊಳ್ಳಬಾರದು, ವರ್ಷಗಟ್ಟಲೆ ಎಳೆದಾಡಿದ ಬಟ್ಟೆ ಅದು. ರೆಡಿಮೇಡ್ ಹುಡ್ಡಿನ ವಿಷಯದಲ್ಲೂ ಎಚ್ಚರ ಬೇಕು. ಸಿಜೆ-3ಬಿಯ ವೀಲ್‌ಬೇಸ್ (ಮುಂದಿನ, ಹಿಂದಿನ ಗಾಲಿಗಳ ನಡುವಿನ ಅಂತರ) 80 ಇಂಚು, ಮಹೀಂದ್ರದ್ದೇ ಇನ್ನೊಂದು ಜೀಪಾದ ಎಂಎಂ540ಯದು 91. ಎರಡನ್ನೂ ‘ಜೀಪ್ ಹುಡ್’ ಅಂತಲೇ ಮಾರುತ್ತಾರೆ.

ಅಳತೆಗೆ ನಾನು ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಬಳಸಿದೆ. ಫ್ರೇಮಿನ ಮೇಲೆ ಹಾಸಿ ಚಿಮಟಿಗೆ ಸಿಕ್ಕಿಸಿದರೆ ಕೆಳಗಿನ ಪೈಪು, ಬ್ರಾಕೆಟ್ಟು, ಬಟನ್ನು ಎಲ್ಲ ಕಾಣುತ್ತದೆ, ಮಾರ್ಕರ್‌ನಿಂದ ನೇರವಾಗಿ ಗುರುತು ಹಾಕಬಹುದು. ಮೊದಲು ನಡುಗೆರೆ: ವಿಂಡ್‌ಶೀಲ್ಡಿನ ಮಧ್ಯ, ಪ್ರತಿ ಪೈಪಿನ ಮಧ್ಯ, ಹಿಂದಿನ ಬಾಗಿಲಿನ ಮಧ್ಯ. ಆ ಗೆರೆಯಿಂದ ಎರಡೂ ಬದಿಗೆ ಅಳತೆ. ಆಮೇಲೆ ಹಾಳೆಯನ್ನು ಅಂಗಳದ ಶಹಾಬಾದಿ ಪರಸಿಯ ಮೇಲೆ ಹಾಸಿ ಕ್ಯಾನ್ವಾಸಿಗೆ ಇಳಿಸಿಕೊಂಡೆ. ಈ ಕೆಲಸಕ್ಕೆ ಶಹಾಬಾದಿ ಕಲ್ಲಿನ ನೆಲದಷ್ಟು ಒಳ್ಳೆಯ ಮೇಜು ಇಲ್ಲ. ಸಮತಟ್ಟು, ನುಣುಪು, ಕಲ್ಲುಗಳ ಸಂದುಗೆರೆಯೇ ನೇರ ಅಳತೆಪಟ್ಟಿ.

ಹೊಲಿಗೆ ನಾನು ಮಾಡಲಿಲ್ಲ. ಮನೆಯ ಮಷೀನು ಎರಡು ಪದರದ ಕ್ಯಾನ್ವಾಸನ್ನು ಕಷ್ಟಪಟ್ಟು ದಾಟಬಹುದು, ಆದರೆ ಹೊಲಿಗೆಯ ಮೇಲೆ ಹೊಲಿಗೆ ಬಂದು, ಅದರ ಮೇಲೆ ನವಾರು ಸೇರಿದ ಜಾಗದಲ್ಲಿ ಸೂಜಿ ಮುರಿಯುತ್ತದೆ, ಇಲ್ಲವೇ ಮೇಲಿನ ಪದರ ಸರಿದು ಅಳತೆ ಕೆಡುತ್ತದೆ. ಹುಮನಾಬಾದ್ ರಸ್ತೆ ಕಡೆ ಲಾರಿ ತಾಡಪತ್ರಿ ಹೊಲಿಯುವ ಒಬ್ಬ ಹಿರಿಯರಿದ್ದಾರೆ. ಅವರ ಮಷೀನಿನ ಪಾದ ಬಟ್ಟೆಯ ಜೊತೆ ತಾನೂ ನಡೆಯುತ್ತದೆ, ಎಷ್ಟೇ ದಪ್ಪ ಇದ್ದರೂ ಪದರಗಳು ಸರಿಯುವುದಿಲ್ಲ. ಕತ್ತರಿಸಿದ ತುಂಡುಗಳನ್ನು ಕೂಡುವ ಗುರುತು ಹಾಕಿ, ಕಚ್ಚಾ ಟಾಕಿ ಹಾಕಿ, ಯಾವುದರ ಮೇಲೆ ಯಾವುದು ಎಂದು ಬರೆದು ಅವರಿಗೆ ಒಯ್ದು ಕೊಟ್ಟೆ. ಅವರು ತುಂಡುಗಳನ್ನು ಬಿಡಿಸಿ ನೋಡಿ ಮೊದಲು ಕೇಳಿದ್ದು, “ಪೈಪ್ ಸೀದಾ ಮಾಡ್ಸೀರೇನ್ರಿ? ಇಲ್ಲಂದ್ರ ನಾ ಹೊಲದು ಉಪಯೋಗಿಲ್ಲ.” ಆ ಒಂದು ಪ್ರಶ್ನೆಗೇ ಅವರ ಮೇಲೆ ನನಗೆ ಗೌರವ ಹುಟ್ಟಿತು.

ಅವರಿಂದ ಕಲಿತದ್ದು ಬಹಳ. ದಾರ ಪಾಲಿಯೆಸ್ಟರ್ ಇರಲಿ ಎಂದರು. ನೈಲಾನ್ ಗಟ್ಟಿ ಅನ್ನಿಸಿದರೂ ಬಿಸಿಲಿಗೆ ಬೇಗ ಸೋಲುತ್ತದೆ. ಹೊಲಿಗೆ ತೀರಾ ಒತ್ತಾಗಿರಬಾರದು, ಒತ್ತೊತ್ತಾಗಿ ಹೊಲಿದರೆ ತೂತುಗಳ ಸಾಲು ಬಟ್ಟೆಯನ್ನು ಅಲ್ಲೇ ಹರಿಯುವಂತೆ ಮಾಡುತ್ತದೆ. ನಾಲ್ಕು ಮಿಲಿಮೀಟರಿಗೊಂದು ಟಾಕಿ ಸಾಕು. ಅಂಚುಗಳನ್ನು ಒಂದರೊಳಗೊಂದು ಮಡಚಿ ಎರಡು ಸಾಲು ಹೊಲಿದರು. ಅಡ್ಡ ಹೊಲಿಗೆಗಳಲ್ಲಿ ಮುಂದಿನ ತುಂಡು ಹಿಂದಿನದರ ಮೇಲೆ ಬರುವಂತೆ, ಮಂಗಳೂರು ಹೆಂಚು ಒಂದರ ಮೇಲೊಂದು ಕೂತಂತೆ. ಗಾಡಿ ಓಡುವಾಗ ಗಾಳಿ ನೀರನ್ನು ಹಿಂದಕ್ಕೆ ತಳ್ಳುತ್ತದೆ, ಹೊಲಿಗೆಯ ಬಾಯಿ ಮುಂದಕ್ಕಿದ್ದರೆ ನೀರು ನೇರ ಒಳಗೆ. ನನ್ನ ಹಳೆಯ ಹುಡ್ಡಿನಲ್ಲಿ ಬಾಯಿ ಮುಂದಕ್ಕೇ ಇತ್ತು.

ಹಿಂದಿನ ಕಿಟಕಿಗೆ ಪಾರದರ್ಶಕ ಪಿವಿಸಿ ಹಾಳೆ. ಅದನ್ನು ಸುತ್ತಬಹುದು, ಮಡಚಬಾರದು. ಪೆಟ್ರೋಲು, ಥಿನ್ನರ್ ಹತ್ತಿರವೂ ಒಯ್ಯಬೇಡಿ. ಸೋಪಿನ ನೀರು, ಮೆತ್ತನೆ ಬಟ್ಟೆ, ಅಷ್ಟೇ.

ಹೊಲಿದು ಬಂದದ್ದನ್ನು ಮತ್ತೆ ನಾನೇ ಕೂರಿಸಿದೆ, ಈ ಭಾಗವನ್ನು ಯಾರಿಗೂ ಬಿಟ್ಟುಕೊಡಬಾರದು ಎಂದು ನನ್ನ ಅಭಿಪ್ರಾಯ. ಮೊದಲು ವಿಂಡ್‌ಶೀಲ್ಡಿನ ನಡುವಿನ ಬಟನ್, ಆಮೇಲೆ ಎಡಕ್ಕೊಂದು, ಬಲಕ್ಕೊಂದು. ಮುಂದಿನ ಅಂಚು ಹಿಡಿದ ಮೇಲೆ ಹಿಂದಿನ ನಡುಭಾಗ, ಕೊನೆಗೆ ಬದಿಗಳು. ಒಂದು ಬದಿಯನ್ನು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋದರೆ ನಡುಗೆರೆ ಸರಿದುಹೋಗುತ್ತದೆ. ಬಟ್ಟೆಗೆ ಟಿಚ್ ಬಟನ್ ಹೊಡೆಯುವ ಜಾಗ ಗುರುತಿಸಲು ಬಾಡಿಯ ಮೇಲಿನ ಬಟನ್ನಿನ ತಲೆಗೆ ಸೀಮೆಸುಣ್ಣ ಉಜ್ಜಿ, ಬಟ್ಟೆ ಎಳೆದು ಅದರ ಮೇಲೆ ಒತ್ತಿದೆ. ಒಳಮೈಗೆ ಸರಿಯಾಗಿ ಗುರುತು ಬಿತ್ತು. ತೂತನ್ನು ಕತ್ತರಿಸಲಿಲ್ಲ, ಚೂಪು ದಬ್ಬಣದಿಂದ ಎಳೆಗಳನ್ನು ಸರಿಸಿ ದಾರಿ ಮಾಡಿದೆ, ಹಿಂದೆ ಚರ್ಮದ ಸಣ್ಣ ತುಂಡು ಕೊಟ್ಟೆ. ಕತ್ತರಿಸಿದ ತೂತು ಎಳೆತಕ್ಕೆ ದೊಡ್ಡದಾಗುತ್ತಲೇ ಹೋಗುತ್ತದೆ.

ಬದಿಯ ಬಟನ್‌ಗಳನ್ನು ಅಂದೇ ಹೊಡೆಯಲಿಲ್ಲ. ಬಟ್ಟೆಗೆ ಸಾಕಷ್ಟೇ ಬಿಗಿ ಕೊಟ್ಟು, ನೀರಿನ ಪೈಪು ಹಚ್ಚಿ ಇಡೀ ಹುಡ್ಡನ್ನು ನೆನೆಸಿ, ಬಿಸಿಲಲ್ಲಿ ಒಣಗಲು ಬಿಟ್ಟೆ. ಹೀಗೆ ಕೆಲವು ಸಲ ನೆನೆದು ಒಣಗಿದ ಮೇಲೆ ಬಟ್ಟೆ ತನ್ನ ಅಳತೆಗೆ ಬಂದು ನಿಂತಿತು, ಆಗ ಬಟನ್. ಎರಡು ಪೈಪುಗಳ ನಡುವೆ ಕೈಯಿಂದ ಒತ್ತಿ ನೋಡಿ, ತಗ್ಗು ಉಳಿದರೆ ಅಲ್ಲಿ ನೀರು ನಿಲ್ಲುತ್ತದೆ. ನಿಂತ ನೀರು ಎಂಥ ಕ್ಯಾನ್ವಾಸಿನಿಂದಲೂ ಇಳಿಯುತ್ತದೆ.

ಖರ್ಚು ಅಂಗಡಿಯವರು ಹೇಳಿದ ಮೊತ್ತಕ್ಕಿಂತ ಕಡಿಮೆಯಾಯಿತು. ಆದರೆ ಬಟ್ಟೆಗೆ ಅವರು ಹಾಕುವುದಕ್ಕಿಂತ ಹೆಚ್ಚು ಹಾಕಿದ್ದೇನೆ, ಸಮಯವನ್ನಂತೂ ಲೆಕ್ಕ ಹಿಡಿದಿಲ್ಲ. ಅದಾದ ಮೇಲಿನ ಮಳೆಗಾಲ ಪೂರ್ತಿ ಚಿಂಚೋಳಿ ಕಡೆ ಓಡಾಡಿದ್ದೇನೆ, ಮೇಲಿನಿಂದ ಸೋರಿಲ್ಲ. ಬದಿಯ ಪರದೆಗಳ ಸಂದಿನಿಂದ ಎರಚಲು ಬರುತ್ತದೆ, ಜೀಪಿಗೆ ಅದು ಹುಟ್ಟುಗುಣ.

ಬೀದರಿನ ಗೆಳೆಯರೊಬ್ಬರು ತಮ್ಮ ಹಳೆಯ ಕನ್ವರ್ಟಿಬಲ್ ಕಾರಿಗೂ ಹೀಗೇ ಮಾಡಬಹುದೇ ಎಂದು ಕೇಳಿದರು. ಬೇಡ ಎಂದೆ. ಜೀಪಿನ ಹುಡ್ಡು ಬಟನ್ನಿನ ಮೇಲೆ ನಿಲ್ಲುತ್ತದೆ, ತಪ್ಪಿದರೆ ಬಿಚ್ಚಿ ಸರಿಮಾಡಬಹುದು. ಕಾರಿನದು ಹಾಗಲ್ಲ. ಮಡಚುವ ಫ್ರೇಮಿನ ಮೇಲೆ ಮೆತ್ತೆಪಟ್ಟಿ, ಬದಿಗೆ ಎಳೆತದ ಕೇಬಲ್, ಅಂಟು, ಪಿನ್ನು, ಬಾಗಿಲ ಗಾಜು ಬಂದು ಒತ್ತುವ ರಬ್ಬರು, ಎಲ್ಲ ಒಟ್ಟಿಗೆ ಕೂಡಬೇಕು. ಕೆಲವು ಮಿಲಿಮೀಟರ್ ಆಚೀಚೆಯಾದರೂ ಗಾಳಿ ಶಿಳ್ಳೆ ಹಾಕುತ್ತದೆ, ಗಾಜಿನ ಅಂಚಿನಿಂದ ನೀರು ಇಳಿಯುತ್ತದೆ. ಅಂಟು ಹಚ್ಚಿ ಕತ್ತರಿಸಿದ ಮೇಲೆ ಹಿಂದೆ ಬರಲು ಆಗುವುದಿಲ್ಲ. ಅದಕ್ಕೆ ಇಂಥ ಕಾರುಗಳನ್ನೇ ಮಾಡಿದ ಕೈ ಬೇಕು, ಹೈದರಾಬಾದಿಗೆ ಒಯ್ಯಿರಿ ಎಂದೆ. ಒಯ್ಯುವ ಮುಂಚೆ ಫ್ರೇಮಿನ ಕೀಲುಗಳ ಸವೆತ, ತುಕ್ಕು, ಮೂಲೆಯಿಂದ ಮೂಲೆಗೆ ಕರ್ಣದ ಅಳತೆ ತಾವೇ ನೋಡಿ ಸರಿಮಾಡಿಕೊಳ್ಳಲಿ. ಹಳೆಯ ಟಾಪನ್ನು ಕೀಳುವ ಮುಂಚೆ ಪ್ರತಿ ಅಂಚಿನ ಫೋಟೋ ತೆಗೆದಿಟ್ಟುಕೊಳ್ಳಲಿ. ಹಿಂದೆ ಹಾಕಿದ ಕಾರು ಯಾವುದಾದರೂ ಇದ್ದರೆ ತೋರಿಸಿ ಎಂದು ಅಂಗಡಿಯವರನ್ನು ಕೇಳಲಿ, ಅದನ್ನು ಮಧ್ಯಾಹ್ನದ ಬಿಸಿಲಲ್ಲೊಮ್ಮೆ, ಮುಂಜಾನೆ ತಂಪಿನಲ್ಲೊಮ್ಮೆ ಮುಚ್ಚಿ ತೆರೆದು ನೋಡಲಿ.