ಮೆಕ್ಕೆಜೋಳದ ಫಾಲ್ ಸೈನಿಕ ಹುಳು: ಸುಳಿ ಸೇರುವ ಮೊದಲೇ ಹತೋಟಿ

ಅಮೆರಿಕ ಖಂಡಗಳ ಮೂಲದ ಫಾಲ್ ಸೈನಿಕ ಹುಳು 2016ರಲ್ಲಿ ಆಫ್ರಿಕದಲ್ಲಿ ಕಾಣಿಸಿಕೊಂಡು, 2018ರಲ್ಲಿ ಕರ್ನಾಟಕದ ಮೆಕ್ಕೆಜೋಳದ ಹೊಲಗಳನ್ನೂ ತಲುಪಿತು. ಇದರ ಪತಂಗ ಗಾಳಿಯ ನೆರವಿದ್ದರೆ ಒಂದೇ ರಾತ್ರಿಯಲ್ಲಿ ನೂರು ಕಿಲೋಮೀಟರಿನಷ್ಟು ದೂರ ಹಾರಬಲ್ಲದು. ಆದ್ದರಿಂದ ಅದು ಹೊಲಕ್ಕೆ ಬಾರದಂತೆ ತಡೆಯಲು ಹೊರಡುವುದು ವ್ಯರ್ಥ. ಬಂದದ್ದನ್ನು ಮರಿಯಾಗಿರುವಾಗಲೇ ಪತ್ತೆ ಹಚ್ಚಬೇಕು.

ಹೆಣ್ಣು ಪತಂಗವು ಎಲೆಯ ಮೇಲೆ ನೂರರಿಂದ ಇನ್ನೂರು ಮೊಟ್ಟೆಗಳನ್ನು ಗುಂಪಾಗಿ ಇಟ್ಟು, ತನ್ನ ಮೈಮೇಲಿನ ರೋಮಗಳಿಂದ ಅದನ್ನು ಮುಚ್ಚುತ್ತದೆ. ಬೆಚ್ಚಗಿನ ಹವೆಯಲ್ಲಿ 2–3 ದಿನಗಳಲ್ಲಿ ಹೊರಬರುವ ಮರಿಗಳು ಎಲೆಯ ಹಸಿರನ್ನಷ್ಟೇ ಕೆರೆದು ತಿನ್ನುವುದರಿಂದ ಎಲೆಯಲ್ಲಿ ಬಿಳಿ ಪೊರೆಯಂಥ ಮಚ್ಚೆಗಳು ಉಳಿಯುತ್ತವೆ. ನೂಲೆಳೆ ಬಿಟ್ಟು ಗಾಳಿಯಲ್ಲಿ ತೇಲುತ್ತ ಅವು ಅಕ್ಕಪಕ್ಕದ ಗಿಡಗಳಿಗೂ ಹರಡುತ್ತವೆ. ಮರಿಹುಳುವಿನ ಬೆಳವಣಿಗೆಗೆ ಆರು ಹಂತಗಳಿದ್ದು, ಮೂರನೆಯ ಹಂತದ ಹೊತ್ತಿಗೆ ಅದು ಸುಳಿಯೊಳಗೆ ನೆಲೆಯೂರಿರುತ್ತದೆ. ಒಂದನ್ನೊಂದು ತಿನ್ನುವ ಸ್ವಭಾವದಿಂದಾಗಿ ಒಂದು ಸುಳಿಯಲ್ಲಿ ಕೊನೆಗೆ ಉಳಿಯುವುದು ಸಾಮಾನ್ಯವಾಗಿ ಒಂದೆರಡು ಹುಳು ಮಾತ್ರ. ಆದರೆ ಇಡೀ ಜೀವನದ ಆಹಾರದ ಬಹುಪಾಲನ್ನು ಹುಳು ತಿನ್ನುವುದು ಕೊನೆಯ ಎರಡು ಹಂತಗಳಲ್ಲೇ. ಬಲಿತ ಹುಳು ಮಣ್ಣಿಗಿಳಿದು ಕೋಶವಾಗುತ್ತದೆ. ಬಿಸಿ ಹವೆಯಲ್ಲಿ ಇಡೀ ಜೀವನಚಕ್ರ ಸುಮಾರು 30 ದಿನಗಳಲ್ಲಿ ಮುಗಿಯುತ್ತದೆ.

ಗುರುತಿಸುವುದು ಕಷ್ಟವಲ್ಲ. ತಲೆಯ ಮೇಲೆ ತಲೆಕೆಳಗಾದ ‘ವೈ’ ಆಕಾರದ ಗೆರೆಯೂ ಬಾಲದ ಹತ್ತಿರದ ಖಂಡದಲ್ಲಿ ಚೌಕಾಕಾರವಾಗಿ ನಾಲ್ಕು ಕಪ್ಪು ಚುಕ್ಕೆಗಳೂ ಇದ್ದರೆ ಅನುಮಾನ ಬೇಡ.

ಮೊಳಕೆಯೊಡೆದ ಮೊದಲ ವಾರದಿಂದಲೇ, ವಾರಕ್ಕೆರಡು ಬಾರಿ, ಹೊಲದ ಐದು ಕಡೆ ತಲಾ ಇಪ್ಪತ್ತು ಗಿಡಗಳ ಸುಳಿಯನ್ನು ಬಿಡಿಸಿ ನೋಡಬೇಕು. ಹೆಣ್ಣು ಪತಂಗದ ವಾಸನೆಯಂಥದ್ದನ್ನು ಇಟ್ಟು ಗಂಡನ್ನು ಸೆಳೆಯುವ ಮೋಹಕ ಬಲೆಗಳು ಗಂಡು ಪತಂಗಗಳ ಆಗಮನವನ್ನು ಮೊದಲೇ ತಿಳಿಸುತ್ತವೆಯೇ ಹೊರತು ಹುಳುವಿನ ಬಾಧೆಯನ್ನು ಕಡಿಮೆ ಮಾಡುವುದಿಲ್ಲ. ಸಿಕ್ಕ ಮೊಟ್ಟೆಯ ಗುಂಪನ್ನು ಅಲ್ಲೇ ಹೊಸಕಿ ಹಾಕುವುದು ಯಾವ ಸಿಂಪಡಣೆಗೂ ಕಡಿಮೆಯಲ್ಲ. ನೂರು ಗಿಡಗಳಲ್ಲಿ ಐದಾರಕ್ಕೆ ಮಾತ್ರ ಹೊಸ ಕೆರೆತ ಕಂಡರೆ ಶೇ. 5ರ ಬೇವಿನ ಬೀಜದ ಕಷಾಯ ಸಾಕು. ಬಾಧೆ ಹತ್ತನ್ನು ದಾಟಿ, ಹುಳುಗಳು ಇನ್ನೂ ಚಿಕ್ಕವಾಗಿದ್ದರೆ, ಪ್ರತಿ ಲೀಟರ್ ನೀರಿಗೆ ಎಮಾಮೆಕ್ಟಿನ್ ಬೆಂಜೋಯೇಟ್ 5 ಎಸ್‌ಜಿ (ಶೇ. 5ರ ಹರಳು) 0.4 ಗ್ರಾಂ ಅಥವಾ ಕ್ಲೋರಾಂಟ್ರಾನಿಲಿಪ್ರೋಲ್ 18.5 ಎಸ್‌ಸಿ (ಶೇ. 18.5ರ ದ್ರವ) 0.4 ಮಿ.ಲೀ. ಬೆರೆಸಿ ಸಿಂಪಡಿಸಬಹುದು. ಎರಡನೆಯ ಸಿಂಪಡಣೆ ಬೇಕಾದರೆ ಬೇರೆ ಗುಂಪಿನ, ಅಂದರೆ ಹುಳುವನ್ನು ಬೇರೆ ರೀತಿಯಲ್ಲಿ ಕೊಲ್ಲುವ ಔಷಧವನ್ನೇ ಆರಿಸಬೇಕು, ಇಲ್ಲವಾದರೆ ಹುಳು ನಿರೋಧಕ ಶಕ್ತಿ ಪಡೆಯುತ್ತದೆ. ಕೈಗವಸು, ಮುಖಗವಸು ಧರಿಸಿ, ಡಬ್ಬಿಯ ಮೇಲಿನ ಸೂಚನೆಯನ್ನೂ ಕೊಯ್ಲು ಅಥವಾ ಮೇವಿಗೆ ಮುನ್ನ ಬಿಡಬೇಕಾದ ಅವಧಿಯನ್ನೂ ತಪ್ಪದೆ ಪಾಲಿಸಬೇಕು.

ಹೆಚ್ಚಿನ ಸಿಂಪಡಣೆಗಳು ಸೋಲುವುದು ಔಷಧದ ದೋಷದಿಂದಲ್ಲ. ದೊಡ್ಡ ಹುಳು ತನ್ನ ಹಿಕ್ಕೆಯಿಂದಲೇ ಸುಳಿಗೆ ಬಿರಡೆ ಹಾಕಿಕೊಂಡು ಹಗಲೆಲ್ಲ ಅದರ ಕೆಳಗಿರುತ್ತದೆ. ಮೇಲಿನಿಂದ ಬಿದ್ದ ದ್ರಾವಣ ಅಲ್ಲಿಗೆ ಇಳಿಯುವುದಿಲ್ಲ. ಹಾಗಾಗಿ ಸಂಜೆಯ ಹೊತ್ತಿನಲ್ಲಿ, ನಾಜಲ್ಲನ್ನು ನೇರವಾಗಿ ಸುಳಿಗೆ ಹಿಡಿದು ಸಿಂಪಡಿಸಬೇಕು. ಚಿಕ್ಕ ಹಿಡುವಳಿಯಲ್ಲಿ ಸುಳಿಗೆ ಒಂದು ಚಿಟಿಕೆ ಮರಳು ಹಾಕುವ ಹಳೆಯ ಉಪಾಯವೂ ಉಪಯುಕ್ತ.

ಬೇಗನೆ ಎಲ್ಲರೂ ಒಟ್ಟಿಗೆ ಬಿತ್ತುವುದು, ಆಳವಾಗಿ ಉತ್ತು ಕೋಶಗಳನ್ನು ಬಿಸಿಲಿಗೆ ಒಡ್ಡುವುದು, ದ್ವಿದಳ ಧಾನ್ಯಗಳನ್ನು ಅಂತರಬೆಳೆಯಾಗಿ ಬೆಳೆಯುವುದು ಇವೆಲ್ಲ ಬಾಧೆಯನ್ನು ತಗ್ಗಿಸುತ್ತವೆ. ಮೊಟ್ಟೆಗಳನ್ನು ನಾಶಮಾಡುವ ಟ್ರೈಕೊಗ್ರಾಮ, ಟೆಲಿನೋಮಸ್ ಎಂಬ ಪುಟ್ಟ ಕಣಜಗಳನ್ನೂ ಹುಳುವಿಗೆ ರೋಗ ತರುವ ಮೆಟಾರೈಜಿಯಂ ಶಿಲೀಂಧ್ರವನ್ನೂ ಬಳಸುವವರು ಅವನ್ನು ಬಿಡುವ ಆಸುಪಾಸಿನ ದಿನಗಳಲ್ಲಿ ರಾಸಾಯನಿಕ ಸಿಂಪಡಿಸಬಾರದು.

ಎಲೆಗಳೆಲ್ಲ ತೂತಾದ ಗಿಡವನ್ನು ಕಂಡು ಗಾಬರಿಯಾಗುವುದು ಸಹಜ, ಆದರೆ ಹೊಸ ಸುಳಿ ಹಸಿರಾಗಿದ್ದರೆ ಮೆಕ್ಕೆಜೋಳ ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತದೆ. ಹಳೆಯ ತೂತುಗಳನ್ನು ನೋಡಿ ಔಷಧ ಸುರಿಯಬೇಕಿಲ್ಲ. ತೆನೆ ಬಂದ ಮೇಲೆ ಹುಳು ಸಿಪ್ಪೆಯೊಳಗೆ ಅಡಗಿರುವುದರಿಂದ ಸಿಂಪಡಣೆಯನ್ನು ಕೈಬಿಟ್ಟು, ಕಂಡ ಹುಳುಗಳನ್ನು ಕೈಯಿಂದ ಆರಿಸಿ ನಾಶಪಡಿಸಬೇಕು.