ನಿಂತ ಎಂಜಿನ್ ಮುಂದೆ ಉಗಿಯ ಪಾಠ

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಉಗಿ ಎಂಜಿನ್ ಪಾಠವನ್ನು ಬೋರ್ಡ್ ಮೇಲೆ ಮಾಡಲು ನನಗೆ ಮನಸ್ಸಾಗುವುದಿಲ್ಲ. ಮಕ್ಕಳನ್ನು ಮೈಸೂರಿನ ರೈಲ್ವೆ ಮ್ಯೂಸಿಯಂಗೆ ಕರೆದುಕೊಂಡು ಹೋಗುತ್ತೇನೆ. 1979ರಲ್ಲಿ ಶುರುವಾದ ಜಾಗ ಅದು, ರೈಲು ನಿಲ್ದಾಣದ ಹತ್ತಿರವೇ ಇದೆ.

ಮಕ್ಕಳು ಮೊದಲು ಫೋಟೊ ತೆಗೆಸಿಕೊಳ್ಳಲಿ ಎಂದು ಬಿಡುತ್ತೇನೆ. ಆಮೇಲೆ ಇಎಸ್ 506 ಎಂಜಿನ್ ಹತ್ತಿರ ಸೇರುತ್ತೇವೆ. ಫಲಕ ಓದಿಸುವುದಿಲ್ಲ, ಚಕ್ರ ಎಣಿಸಲು ಹೇಳುತ್ತೇನೆ. ಮುಂದೆ ಚಿಕ್ಕವು 4, ನಡುವೆ ದೊಡ್ಡವು 6, ಹಿಂದೆ 2. ಇದಕ್ಕೇ 4-6-2 ಅನ್ನುತ್ತಾರೆ. ಹಳಿಯ ಅಗಲಕ್ಕೆ ಟೇಪ್ ಹಿಡಿದರೆ 1,000 ಮಿ.ಮೀ., ಅಂದರೆ ಮೀಟರ್ ಗೇಜ್. ಈಗಿನ ಬ್ರಾಡ್ ಗೇಜ್ 1,676 ಮಿ.ಮೀ.

ನಂತರ ಉಗಿಯ ದಾರಿ ಹಿಡಿದು ನಡೆಯುತ್ತೇವೆ. ಬಾಯ್ಲರ್ ಒಳಗಿನ ಕೊಳವೆಗಳಲ್ಲಿ ನೀರು ಹರಿಯುತ್ತದೆ ಎಂದೇ ಹೆಚ್ಚಿನ ಮಕ್ಕಳು ಅಂದುಕೊಂಡಿರುತ್ತಾರೆ. ಅಲ್ಲಿ ಹೋಗುವುದು ಬೆಂಕಿಯ ಬಿಸಿ ಗಾಳಿ, ನೀರು ಇರುವುದು ಕೊಳವೆಗಳ ಸುತ್ತ. ಎಂಜಿನ್ನಿನ ಎಡಕ್ಕೊಂದು, ಬಲಕ್ಕೊಂದು ಸಿಲಿಂಡರ್ ಇರುತ್ತದೆ. ಉಗಿ ಅಲ್ಲಿಗೆ ಬಂದು ಒಳಗೆ ಹಿಂದೆ ಮುಂದೆ ಸರಿಯುವ ಪಿಸ್ಟನ್ ದೂಡುತ್ತದೆ, ಕೆಲಸ ಮುಗಿಸಿ ಚಿಮಣಿಯಿಂದ ಹೊರಗೆ ಹೋಗುತ್ತದೆ. ಹೋಗುವಾಗ ಹೊಗೆಯನ್ನೂ ಜೊತೆಗೆ ಎಳೆದುಕೊಳ್ಳುವುದರಿಂದ ಒಲೆಯ ಬೆಂಕಿ ಜೋರಾಗುತ್ತದೆ. ಎಂಜಿನ್ ಜಾಸ್ತಿ ದುಡಿದಷ್ಟೂ ಬೆಂಕಿಯೂ ಜಾಸ್ತಿ. ಎಂಥ ಚೆಂದದ ಏರ್ಪಾಡು ಅಲ್ವಾ!

ನನಗೆ ಎಲ್ಲಕ್ಕಿಂತ ಇಷ್ಟವಾದ ಪಾಠ ಇದರ ಮುಂದಿನದು. ಅರ್ಧ ಮಕ್ಕಳನ್ನು ಎಡಗಡೆ, ಅರ್ಧ ಮಕ್ಕಳನ್ನು ಬಲಗಡೆ ನಿಲ್ಲಿಸುತ್ತೇನೆ. ಪಿಸ್ಟನ್ನಿನ ಬಲವನ್ನು ಚಕ್ರಕ್ಕೆ ಮುಟ್ಟಿಸುವ ಕನೆಕ್ಟಿಂಗ್ ರಾಡ್ ಚಕ್ರಕ್ಕೆ ಸೇರುವ ಪಿನ್ ಎಲ್ಲಿದೆ ನೋಡಿ, ಕೂಗಿ ಹೇಳಿ ಎನ್ನುತ್ತೇನೆ. ಎರಡೂ ಕಡೆಯ ಉತ್ತರ ಒಂದೇ ಆಗುವುದಿಲ್ಲ, ಕಾಲು ಸುತ್ತಿನ ವ್ಯತ್ಯಾಸ ಇರುತ್ತದೆ. ಯಾಕೆ? ಪಿಸ್ಟನ್ ತುದಿ ಮುಟ್ಟಿದಾಗ ಆ ಕಡೆಯ ರಾಡ್ ಚಕ್ರ ತಿರುಗಿಸಲಾರದು. ಎರಡೂ ಒಟ್ಟಿಗೆ ತುದಿಯಲ್ಲಿ ನಿಂತರೆ ಗಾಡಿ ಹೊರಡುವುದೇ ಇಲ್ಲ. ಕಾಲು ಸುತ್ತು ಹಿಂದು ಮುಂದಾಗಿದ್ದರೆ ಒಂದು ತುದಿಯಲ್ಲಿರುವಾಗ ಇನ್ನೊಂದು ಪೂರ್ತಿ ಬಲದಲ್ಲಿರುತ್ತದೆ.

ಪಿಸ್ಟನ್ನಿನ ಎರಡೂ ಬದಿಗೆ ಸರದಿಯಂತೆ ಉಗಿ ಹೋಗುತ್ತದೆ. ಎರಡು ಸಿಲಿಂಡರ್, ಎರಡು ಬದಿ, ಒಂದು ಸುತ್ತಿಗೆ ನಾಲ್ಕು ಸಲ ಚಿಮಣಿಯಿಂದ ಸದ್ದು. ‘ಚುಕು ಬುಕು’ ಎಂದು ಚಿಕ್ಕಂದಿನಿಂದ ಕೂಗಿದ್ದರ ಲೆಕ್ಕ ಇಲ್ಲಿ ಸಿಗುತ್ತದೆ. ದೊಡ್ಡ ಚಕ್ರದ ವ್ಯಾಸವನ್ನು 3.14ರಿಂದ ಗುಣಿಸಿ, ನಾಲ್ಕರಿಂದ ಭಾಗಿಸಿದರೆ ಒಂದು ಸದ್ದಿಗೆ ಗಾಡಿ ಎಷ್ಟು ದೂರ ಹೋಗುತ್ತದೆಂದು ಗೊತ್ತಾಗುತ್ತದೆ. ಅಷ್ಟು ದೂರವನ್ನು ಹೆಜ್ಜೆ ಹಾಕಿ ನೋಡಲು ಹೇಳುತ್ತೇನೆ.

ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: “ಸರ್, ಹಿಂದಕ್ಕೆ ಹೇಗೆ ಹೋಗುತ್ತೆ?” ಅದಕ್ಕೆ ಗೇರ್ ಬಾಕ್ಸ್ ಬೇಕಿಲ್ಲ. ಚಾಲಕ ಲಿವರ್ ತಿರುಗಿಸಿ, ಸಿಲಿಂಡರಿಗೆ ಉಗಿ ಹೋಗುವ ಸಮಯ ಬದಲಿಸುತ್ತಾನೆ. ಪಿಸ್ಟನ್ನಿನ ಒಂದು ಬದಿಗೆ ಹೋಗಬೇಕಿದ್ದ ಉಗಿ ಇನ್ನೊಂದು ಬದಿಗೆ ಹೋಗುತ್ತದೆ, ಚಕ್ರ ಹಿಮ್ಮುಖವಾಗಿ ತಿರುಗುತ್ತದೆ.